ಮಲೆನಾಡಿನ ಸಾವಯವ ಕಪ್ಪು ಚಹಾ: ಗ್ರಾಹಕರಿಗೆ ಮಾಹಿತಿ

ಪೀಠಿಕೆ

ಬೆಂಗಳೂರು ಪೂರ್ವ ಭಾಗದ ರಾಮಮೂರ್ತಿ ನಗರ, ಕೃಷ್ಣರಾಜಪುರ, ಹಲಸೂರು ಹಾಗೂ ಇಂದಿರಾನಗರದ ಅಂಗಡಿಗಳಲ್ಲಿ ಚಹಾಪುಡಿಯು ಪೊಟ್ಟಣಗಳಲ್ಲಿಯೂ ಬಿಡಿಯಾಗಿಯೂ ಮಾರಾಟವಾಗುತ್ತದೆ. ‘ಸಾವಯವ’, ‘ಬೆಟ್ಟದ ಚಹಾ’, ‘ಮಲೆನಾಡಿನ ಚಹಾ’ ಎಂಬ ಬರಹವುಳ್ಳ ಪುಡಿಗೆ ಸಾಮಾನ್ಯ ಪುಡಿಗಿಂತ ಹೆಚ್ಚಿನ ಬೆಲೆ ತೆರಬೇಕಾಗುವುದು ವಾಡಿಕೆ. ಚಹಾ ಬೆಳೆದ ಸ್ಥಳ ಮತ್ತು ಬೆಳೆದ ವಿಧಾನ ಇವೆರಡೂ ಪ್ರತ್ಯೇಕ ವಿಷಯಗಳಾಗಿದ್ದು, ಒಂದಕ್ಕೆ ಆಧಾರವಿದ್ದ ಮಾತ್ರಕ್ಕೆ ಇನ್ನೊಂದು ದೃಢಪಟ್ಟಂತೆ ಆಗುವುದಿಲ್ಲ. ಇವೆರಡನ್ನೂ ಪರಿಶೀಲಿಸುವ ಬಗೆಯನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ.

ಕರ್ನಾಟಕದಲ್ಲಿ ಚಹಾ ಬೆಳೆ

ಕರ್ನಾಟಕವು ಕಾಫಿ ಬೆಳೆಗೆ ಹೆಸರಾದ ರಾಜ್ಯವಾಗಿದ್ದು, ದೇಶದ ಕಾಫಿ ಉತ್ಪಾದನೆಯ ಸುಮಾರು ಶೇ. 70ರಷ್ಟು ಇಲ್ಲಿಂದಲೇ ದೊರೆಯುತ್ತದೆ. ರಾಜ್ಯದಲ್ಲಿ ಚಹಾ ಸಹ ಬೆಳೆಯಲಾಗುತ್ತಿರುವುದು ಅನೇಕರಿಗೆ ತಿಳಿದಿಲ್ಲ. ಚಿಕ್ಕಮಗಳೂರು ಜಿಲ್ಲೆಯಲ್ಲಿ ಮೂಡಿಗೆರೆ ಕಡೆಯ ಕೆಳಗೂರು, ಕಳಸ ಸಮೀಪದ ಸಂಸೆ ಹಾಗೂ ದಕ್ಷಿಣ ಕೊಡಗಿನ ಗ್ಲೆನ್‌ಲೋರ್ನಾ ಮುಂತಾದೆಡೆ ಚಹಾ ತೋಟಗಳಿವೆ. ದೇಶದ ವಾರ್ಷಿಕ ಚಹಾ ಉತ್ಪಾದನೆಯು ಸುಮಾರು 130 ಕೋಟಿ ಕಿಲೋಗ್ರಾಂ ಆಗಿದ್ದು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಅಸ್ಸಾಂ ರಾಜ್ಯದ್ದಾಗಿದೆ. ಕರ್ನಾಟಕದ ಪಾಲು ಶೇ. 1ಕ್ಕಿಂತ ಕಡಿಮೆ.

ಉತ್ಪಾದನೆ ಅಲ್ಪವಾಗಿರುವುದರ ಜೊತೆಗೆ, ಈ ಪ್ರದೇಶದ ಹೆಸರು ಗ್ರಾಹಕರಿಗೆ ಪರಿಚಯವಾಗದಿರಲು ಮಾರಾಟದ ವಿಧಾನವೂ ಕಾರಣವಾಗಿದೆ. ದಕ್ಷಿಣ ಭಾರತದಲ್ಲಿ ಕೂನೂರು, ಕೊಯಮತ್ತೂರು ಮತ್ತು ಕೊಚ್ಚಿಯಲ್ಲಿ ಚಹಾ ಹರಾಜು ಕೇಂದ್ರಗಳಿವೆ. ಸಗಟಾಗಿ ಕೊಂಡ ವಿವಿಧ ತೋಟಗಳ ಚಹಾವನ್ನು ಬೆರೆಸಿ ಪೊಟ್ಟಣ ಕಟ್ಟಿದಾಗ ಅದರ ಊರಿನ ಗುರುತು ಉಳಿಯುವುದಿಲ್ಲ. ಡಾರ್ಜಿಲಿಂಗ್, ಕಾಂಗ್ರಾ, ಅಸ್ಸಾಂ ಮತ್ತು ನೀಲಗಿರಿ ಚಹಾಗಳಿಗೆ ಭೌಗೋಳಿಕ ಸೂಚಕದ ರಕ್ಷಣೆ ದೊರೆತಿದೆ. ಕೊಡಗು, ಚಿಕ್ಕಮಗಳೂರು ಹಾಗೂ ಬಾಬಾಬುಡನ್‌ಗಿರಿಯ ಅರೇಬಿಕಾ ಕಾಫಿಗಳು 2019ರಲ್ಲಿ ಈ ಮಾನ್ಯತೆ ಪಡೆದಿವೆ. ಇಂತಹ ರಕ್ಷಣೆ ಇಲ್ಲದ ಪ್ರದೇಶದ ಚಹಾ ಕೊಳ್ಳುವಾಗ ತೋಟದ ಹೆಸರು ನಮೂದಾಗಿದೆಯೇ ಎಂಬುದು ಮುಖ್ಯವಾಗುತ್ತದೆ.

ಕಪ್ಪು ಚಹಾ ಎಂದರೇನು?

ಹಾಲು ಬೆರೆಸದ ಚಹಾವನ್ನು ಆಡುಮಾತಿನಲ್ಲಿ ಕಪ್ಪು ಚಹಾ ಎನ್ನುವುದುಂಟು. ಆದರೆ ವ್ಯಾಪಾರದಲ್ಲಿ ಈ ಹೆಸರು ಸಂಸ್ಕರಣೆಯ ವಿಧಾನವನ್ನು ಸೂಚಿಸುತ್ತದೆ. ಕೊಯ್ದ ಚಿಗುರನ್ನು ಬಾಡಿಸಿ, ಹೊಸೆದು ಅಥವಾ ಕತ್ತರಿಸಿ, ಗಾಳಿಯ ಆಮ್ಲಜನಕದೊಂದಿಗೆ ವರ್ತಿಸಲು ಬಿಟ್ಟು, ನಂತರ ಬಿಸಿಗಾಳಿಯಲ್ಲಿ ಒಣಗಿಸಲಾಗುತ್ತದೆ. ಈ ಹಂತಗಳಲ್ಲಿ ಎಲೆಯ ಹಸಿರು ಬಣ್ಣ ಹೋಗಿ ಕಪ್ಪು ಬಣ್ಣ, ಪರಿಮಳ ಮತ್ತು ಒಗರು ಉಂಟಾಗುತ್ತವೆ. ಒಂದು ಕಿಲೋಗ್ರಾಂ ಸಿದ್ಧ ಚಹಾಕ್ಕೆ ಸುಮಾರು ನಾಲ್ಕೂವರೆ ಕಿಲೋಗ್ರಾಂ ಹಸಿ ಎಲೆ ಬೇಕಾಗುತ್ತದೆ. ಎಲೆಯನ್ನು ಹೊಸೆದು ಮಾಡಿದ್ದು ಆರ್ಥೊಡಾಕ್ಸ್ ಚಹಾ. ಯಂತ್ರದಲ್ಲಿ ಕತ್ತರಿಸಿ ಹರಳಿನಂತೆ ಮಾಡಿದ್ದು ಸಿ.ಟಿ.ಸಿ. ಚಹಾ. ಹಾಲಿನೊಂದಿಗೆ ಕುದಿಸಲು ಸಿ.ಟಿ.ಸಿ.ಯೂ, ಹಾಲಿಲ್ಲದೆ ಕುಡಿಯಲು ಆರ್ಥೊಡಾಕ್ಸ್ ಚಹಾವೂ ಹೆಚ್ಚು ಒಪ್ಪುತ್ತವೆ.

ಸಾವಯವ ಬೇಸಾಯದ ಕಷ್ಟಗಳು

ಸಾವಯವ ತೋಟದಲ್ಲಿ ರಾಸಾಯನಿಕ ಗೊಬ್ಬರ, ಕೃತಕ ಕೀಟನಾಶಕ ಹಾಗೂ ಕಳೆನಾಶಕಗಳನ್ನು ಬಳಸುವಂತಿಲ್ಲ. ಕಾಂಪೋಸ್ಟ್, ಹಸಿರೆಲೆ ಗೊಬ್ಬರ ಮತ್ತು ಬೇವಿನ ಹಿಂಡಿಯಂತಹ ಒಳಸುರಿಗಳನ್ನು ಅವಲಂಬಿಸಬೇಕಾಗುತ್ತದೆ. ಕಳೆಯನ್ನು ಆಳುಗಳಿಂದ ತೆಗೆಸಬೇಕಾದ ಕಾರಣ ಕೂಲಿ ವೆಚ್ಚ ಹೆಚ್ಚುತ್ತದೆ. ಪಶ್ಚಿಮ ಘಟ್ಟದ ಅಧಿಕ ಮಳೆ ಹಾಗೂ ಮಂಜಿನಲ್ಲಿ ಬ್ಲಿಸ್ಟರ್ ಬ್ಲೈಟ್ ಎಂಬ ಶಿಲೀಂಧ್ರ ರೋಗವು ಎಳೆಯ ಚಿಗುರಿನ ಮೇಲೆಯೇ ಗುಳ್ಳೆಗಳನ್ನುಂಟುಮಾಡುತ್ತದೆ. ಕೊಯ್ಲಿಗೆ ಬೇಕಾದ ಭಾಗವೂ ಅದೇ ಆಗಿರುವುದರಿಂದ ಬೆಳೆಗಾರರಿಗೆ ನೇರ ನಷ್ಟವಾಗುತ್ತದೆ.

ಇಷ್ಟಾದರೂ ಎತ್ತರದ ಬೆಟ್ಟಗಳಲ್ಲಿ ಸಾವಯವ ಚಹಾ ಬೆಳೆಯುವುದು ಸಾಧ್ಯವೆಂಬುದಕ್ಕೆ ನೆರೆಯ ನೀಲಗಿರಿಯಲ್ಲಿ ಉದಾಹರಣೆ ಇದೆ. ಅಲ್ಲಿನ ಕೊರಕುಂದಾ ತೋಟವು ಸಮುದ್ರಮಟ್ಟದಿಂದ ಸುಮಾರು 8,000 ಅಡಿ ಎತ್ತರದಲ್ಲಿದ್ದು, ಸಾವಯವ ಚಹಾಕ್ಕೆ ಹೆಸರಾಗಿದೆ. ನೀಲಗಿರಿಯ ಸಣ್ಣ ಬೆಳೆಗಾರರ ಪೈಕಿ ಕನ್ನಡಕ್ಕೆ ಅತಿ ಸಮೀಪದ ನುಡಿಯನ್ನಾಡುವ ಬಡಗ ಸಮುದಾಯದವರು ಹೆಚ್ಚಿನ ಸಂಖ್ಯೆಯಲ್ಲಿದ್ದಾರೆ.

ಪ್ರಮಾಣೀಕರಣ

ವಾಣಿಜ್ಯ ಸಚಿವಾಲಯದ ಅಧೀನದ ಅಪೇಡಾ ಸಂಸ್ಥೆಯು ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮವನ್ನು ಜಾರಿಗೊಳಿಸುತ್ತದೆ. ಮಾನ್ಯತೆ ಪಡೆದ ಪ್ರಮಾಣನ ಸಂಸ್ಥೆಯು ತೋಟವನ್ನು ಪ್ರತಿ ವರ್ಷ ಪರಿಶೀಲಿಸುತ್ತದೆ. ಚಹಾದಂತಹ ಬಹುವಾರ್ಷಿಕ ಬೆಳೆಗೆ ಸಾಮಾನ್ಯವಾಗಿ 36 ತಿಂಗಳ ಪರಿವರ್ತನಾ ಅವಧಿ ಅನ್ವಯಿಸುತ್ತದೆ. ಈ ಅವಧಿಯಲ್ಲಿ ಬೆಳೆಗಾರರು ಸಾವಯವ ನಿಯಮಗಳನ್ನು ಪಾಲಿಸಬೇಕು. ಆದರೆ ಫಸಲನ್ನು ಪ್ರಮಾಣೀಕೃತ ಸಾವಯವವೆಂದು ಮಾರುವಂತಿಲ್ಲ. ಸಣ್ಣ ಬೆಳೆಗಾರರು ಗುಂಪಾಗಿ ಪ್ರಮಾಣೀಕರಣ ಪಡೆಯಲು, ಅಥವಾ ಪರಸ್ಪರ ಪರಿಶೀಲನೆಯನ್ನು ಆಧರಿಸಿದ ಪಿ.ಜಿ.ಎಸ್.-ಇಂಡಿಯಾ ವ್ಯವಸ್ಥೆಗೆ ಸೇರಲು ಅವಕಾಶವಿದೆ. ದೇಶದೊಳಗಿನ ಸಾವಯವ ಆಹಾರ ಮಾರಾಟಕ್ಕೆ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2017ರ ನಿಯಮಾವಳಿ ಅನ್ವಯಿಸುತ್ತದೆ.

ಪ್ರಮಾಣಪತ್ರವಿಲ್ಲದೆ ‘ಸಾವಯವ’ ಎಂದು ಮಾರಿದಲ್ಲಿ ಗ್ರಾಹಕರ ಹಣ ವ್ಯರ್ಥವಾಗುವುದಲ್ಲದೆ, ಮೂರು ವರ್ಷ ಕಡಿಮೆ ಇಳುವರಿಯನ್ನು ಸಹಿಸಿ ಪ್ರಮಾಣೀಕರಣ ಪಡೆದ ಬೆಳೆಗಾರರಿಗೆ ದೊರೆಯಬೇಕಾದ ಬೆಲೆಯೂ ಕೈತಪ್ಪುತ್ತದೆ.

ಗ್ರಾಹಕರು ಗಮನಿಸಬೇಕಾದ ಅಂಶಗಳು

1. ಪೊಟ್ಟಣದ ಮೇಲೆ ಅಧಿಕೃತ ಸಾವಯವ ಲಾಂಛನ, ಪ್ರಮಾಣನ ಸಂಸ್ಥೆಯ ವಿವರ ಹಾಗೂ 14 ಅಂಕಿಗಳ ಆಹಾರ ಪರವಾನಗಿ ಸಂಖ್ಯೆ ಇರುವುದನ್ನು ಖಚಿತಪಡಿಸಿಕೊಳ್ಳುವುದು. ಹಸಿರು ಬಣ್ಣದ ಎಲೆಯ ಚಿತ್ರವನ್ನು ಲಾಂಛನವೆಂದು ಭಾವಿಸಬಾರದು.

2. ಪೊಟ್ಟಣ ಕಟ್ಟಿದವರ ವಿಳಾಸ ಮತ್ತು ಬೆಳೆದ ತೋಟದ ಹೆಸರನ್ನು ಬೇರೆ ಬೇರೆಯಾಗಿ ನೋಡುವುದು. ಚಿಕ್ಕಮಗಳೂರಿನ ವಿಳಾಸ ಇದ್ದ ಮಾತ್ರಕ್ಕೆ ಚಹಾ ಅಲ್ಲಿಯದೇ ಎಂದಾಗಲಿ, ಬೆಂಗಳೂರಿನ ವಿಳಾಸ ಇದ್ದ ಮಾತ್ರಕ್ಕೆ ಅಲ್ಲಿಯದಲ್ಲ ಎಂದಾಗಲಿ ತೀರ್ಮಾನಿಸಲಾಗದು.

3. ಪೊಟ್ಟಣ ಕಟ್ಟಿದ ತಿಂಗಳು ಮತ್ತು ವರ್ಷ, ನಿವ್ವಳ ತೂಕ ಹಾಗೂ ಗರಿಷ್ಠ ಮಾರಾಟ ಬೆಲೆಯನ್ನು ಪರಿಶೀಲಿಸುವುದು.

4. ಬಿಡಿಯಾಗಿ ಮಾರುವ ಪುಡಿಯನ್ನು ಸಾವಯವವೆಂದು ಹೇಳಿದಲ್ಲಿ, ಪ್ರಮಾಣಪತ್ರ ಹಾಗೂ ಮೂಲ ಚೀಲದ ಮೇಲಿನ ವಿವರ ತೋರಿಸುವಂತೆ ಕೇಳುವುದು. ರಸೀದಿ ಪಡೆಯುವುದು.

5. ಕೃತಕ ಬಣ್ಣದ ಪತ್ತೆಗೆ, ಸೋಸು ಕಾಗದದ ಮೇಲೆ ಸ್ವಲ್ಪ ಪುಡಿ ಹರಡಿ ನೀರು ಚಿಮುಕಿಸುವುದು. ಕಾಗದಕ್ಕೆ ತಕ್ಷಣವೇ ಗಾಢ ಬಣ್ಣ ಹತ್ತಿದಲ್ಲಿ ಕಲಬೆರಕೆಯ ಸಂಶಯವಿರುತ್ತದೆ. ಪುಡಿಯ ಮೇಲೆ ಅಯಸ್ಕಾಂತ ಆಡಿಸಿದರೆ ಕಬ್ಬಿಣದ ಚೂರುಗಳು ಅಂಟಿಕೊಳ್ಳುತ್ತವೆ. ಈ ಪರೀಕ್ಷೆಗಳಿಂದ ಕಲಬೆರಕೆಯ ಸುಳಿವು ಮಾತ್ರ ದೊರೆಯುತ್ತದೆ. ಚಹಾ ಸಾವಯವವೇ ಅಲ್ಲವೇ ಎಂಬುದು ತಿಳಿಯುವುದಿಲ್ಲ.

ಬಳಕೆ ಮತ್ತು ಸಂಗ್ರಹಣೆ

ಒಂದು ಲೋಟ ಕುದಿಯುವ ನೀರಿಗೆ ಸುಮಾರು 2 ಗ್ರಾಂ ಪುಡಿ ಹಾಕಿ, ಮುಚ್ಚಿ, 3ರಿಂದ 4 ನಿಮಿಷಗಳ ನಂತರ ಸೋಸುವುದು. ಹೆಚ್ಚು ಹೊತ್ತು ಬಿಟ್ಟಲ್ಲಿ ಒಗರು ಹೆಚ್ಚುತ್ತದೆ. ಚಹಾವು ತೇವ ಹಾಗೂ ವಾಸನೆಯನ್ನು ಬೇಗನೆ ಹೀರುವುದರಿಂದ, ಮಸಾಲೆ ಪದಾರ್ಥಗಳಿಂದ ದೂರವಾಗಿ, ಗಾಳಿಯಾಡದ ಡಬ್ಬಿಯಲ್ಲಿ ಇಡತಕ್ಕದ್ದು.

ದೂರು ಸಲ್ಲಿಕೆ

ತಪ್ಪು ಲೇಬಲ್ ಅಥವಾ ಕಲಬೆರಕೆ ಕಂಡುಬಂದಲ್ಲಿ ಪೊಟ್ಟಣ ಮತ್ತು ರಸೀದಿಯೊಂದಿಗೆ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ದೂರು ನೀಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಂಖ್ಯೆ 1915 ಆಗಿರುತ್ತದೆ. ಪೊಟ್ಟಣದಲ್ಲಿ ಉಳಿದಿರುವ ಪುಡಿಯನ್ನು ಬಿಸಾಡದೆ ಹಾಗೆಯೇ ಇಟ್ಟುಕೊಂಡಿರಲು ಕೋರಲಾಗಿದೆ.