ಜಗಳದಲ್ಲೇ ಬದುಕಿದ ಚಿತ್ರಗಳು

1927ರ ಏಪ್ರಿಲ್‌ನಲ್ಲಿ ಎಚ್.ಜಿ. ವೆಲ್ಸ್ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಗೆ ಒಂದು ಸಿನಿಮಾ ವಿಮರ್ಶೆ ಬರೆದರು. ಚಿತ್ರ, ಜರ್ಮನಿಯ ಫ್ರಿಟ್ಸ್ ಲಾಂಗ್ ನಿರ್ದೇಶನದ ‘ಮೆಟ್ರೊಪೊಲಿಸ್’. ಮುಗಿಲು ಮುಟ್ಟುವ ಕಟ್ಟಡಗಳಲ್ಲಿ ಸಿರಿವಂತರು, ನೆಲದಡಿಯಲ್ಲಿ ಯಂತ್ರಗಳಿಗೆ ಜೋತುಬಿದ್ದ ಕಾರ್ಮಿಕರು, ಹೆಣ್ಣಿನ ರೂಪ ತಾಳುವ ಲೋಹದ ಬೊಂಬೆ. ವೆಲ್ಸ್‌ಗೆ ಒಂದೂ ಹಿಡಿಸಲಿಲ್ಲ. ಇಷ್ಟು ಪೆದ್ದುತನದ ಚಿತ್ರ ಇನ್ನೊಂದಿರಲಾರದು ಎಂಬ ಧಾಟಿಯಲ್ಲಿ ತರಾಟೆಗೆ ತೆಗೆದುಕೊಂಡರು. ಯಂತ್ರ ಬಂದರೆ ಕತ್ತೆ ದುಡಿಮೆ ಕಡಿಮೆಯಾಗುತ್ತದೆಯೇ ಹೊರತು ಹೆಚ್ಚುವುದಿಲ್ಲ ಎಂಬುದು ಅವರ ಮುಖ್ಯ ತಕರಾರು. ಅಷ್ಟಕ್ಕೇ ಸುಮ್ಮನಾಗಲಿಲ್ಲ. 1936ರಲ್ಲಿ ಅಲೆಕ್ಸಾಂಡರ್ ಕೋರ್ಡಾ ನಿರ್ಮಿಸಿದ ‘ಥಿಂಗ್ಸ್ ಟು ಕಮ್’ ಚಿತ್ರಕ್ಕೆ ತಾವೇ ಚಿತ್ರಕಥೆ ಬರೆದರು. ಲಾಂಗ್ ಏನೇನು ಮಾಡಿದ್ದಾನೋ ಅದಕ್ಕೆ ತದ್ವಿರುದ್ಧವಾದದ್ದು ನಮಗೆ ಬೇಕು ಎಂದು ಚಿತ್ರತಂಡಕ್ಕೆ ಲಿಖಿತವಾಗಿಯೇ ತಿಳಿಸಿದರು.

ಮೂರು ದಶಕ ಕಳೆದ ಮೇಲೆ ಆರ್ಥರ್ ಸಿ. ಕ್ಲಾರ್ಕ್ ಅದೇ ‘ಥಿಂಗ್ಸ್ ಟು ಕಮ್’ ನೋಡುವಂತೆ ಸ್ಟ್ಯಾನ್ಲಿ ಕುಬ್ರಿಕ್‌ಗೆ ಹೇಳಿದರು. ಕುಬ್ರಿಕ್ ನೋಡಿ, ಇನ್ನು ನೀವು ಹೇಳಿದ ಯಾವ ಚಿತ್ರವನ್ನೂ ನೋಡುವುದಿಲ್ಲ ಎಂದುಬಿಟ್ಟರಂತೆ. ಆ ಇಬ್ಬರೂ ಸೇರಿ 1968ರಲ್ಲಿ ಕೊಟ್ಟದ್ದು ‘2001: ಎ ಸ್ಪೇಸ್ ಒಡಿಸ್ಸಿ’. ಸೋವಿಯತ್ ನಿರ್ದೇಶಕ ಆಂದ್ರೇ ತಾರ್ಕೋವ್‌ಸ್ಕಿಗೆ ಅದು ತಂತ್ರಜ್ಞಾನದ ವಸ್ತುಸಂಗ್ರಹಾಲಯದಂತೆ, ಜೀವವಿಲ್ಲದಂತೆ ಕಂಡಿತು. 1972ರ ಅವರ ‘ಸೋಲಾರಿಸ್’ ಕೊಳದ ನೀರಿನಲ್ಲಿ ತೂಗಾಡುವ ಜೊಂಡಿನಿಂದ ಶುರುವಾಗುತ್ತದೆ. ಅಲ್ಲಿನ ಬಾಹ್ಯಾಕಾಶ ನಿಲ್ದಾಣ ಅಸ್ತವ್ಯಸ್ತವಾಗಿದೆ, ಸತ್ತ ಹೆಂಡತಿಯ ನೆನಪು ಎದ್ದು ಬಂದು ಎದುರಿಗೆ ಕೂರುತ್ತದೆ. ಆ ಚಿತ್ರವನ್ನು ಮೂಲ ಕಾದಂಬರಿಕಾರ ಸ್ಟಾನಿಸ್ಲಾವ್ ಲೆಮ್ ಒಪ್ಪಲಿಲ್ಲ. ಇದು ನನ್ನ ಕಾದಂಬರಿಯಲ್ಲ, ದಸ್ತಯೇವ್‌ಸ್ಕಿಯ ಕಾದಂಬರಿ ಎಂದು ಮುನಿಸಿಕೊಂಡರು.

ಒಂದು ಚಿತ್ರದ ಮೇಲಿನ ಸಿಟ್ಟು ಇನ್ನೊಂದು ಚಿತ್ರವನ್ನು ಹುಟ್ಟಿಸಿದ ಈ ಸರಪಳಿಯನ್ನು ನೋಡಿದಾಗೆಲ್ಲ ನನಗೆ ಅನ್ನಿಸುವುದು ಇಷ್ಟು: ಸೈಫೈ ಸಿನಿಮಾದ ನಿಜವಾದ ಚರಿತ್ರೆ ಗಲ್ಲಾಪೆಟ್ಟಿಗೆಯ ಲೆಕ್ಕದಲ್ಲಿಲ್ಲ, ಅದರ ಸುತ್ತ ನಡೆದ ವಾದಗಳಲ್ಲಿದೆ. ವಾದ ಮಾಡಿದವರು ಬರೀ ಘಟಾನುಘಟಿಗಳಲ್ಲ. ಹೆಚ್ಚಿನವರು ಸಾಮಾನ್ಯ ಅಭಿಮಾನಿಗಳು. ಇಂದು ನಾವು ಯಾವುದನ್ನು ಶ್ರೇಷ್ಠ ಎನ್ನುತ್ತೇವೋ ಅದನ್ನು ಬಹುಮಟ್ಟಿಗೆ ನಿರ್ಧರಿಸಿದವರು ಅವರೇ.

ಅವರಿಗೆ ಮೊದಲ ಜಗಲಿ ಒದಗಿಸಿದ್ದು ಹ್ಯೂಗೊ ಗರ್ನ್ಸ್‌ಬ್ಯಾಕ್ 1926ರಲ್ಲಿ ಶುರುಮಾಡಿದ ‘ಅಮೇಜಿಂಗ್ ಸ್ಟೋರೀಸ್’ ಪತ್ರಿಕೆ. ಅದರಲ್ಲಿ ಓದುಗರ ಪತ್ರಗಳ ಜೊತೆಗೆ ಅವರ ಪೂರ್ತಿ ವಿಳಾಸವೂ ಅಚ್ಚಾಗುತ್ತಿತ್ತು. ಸಂಪಾದಕರಿಗೆ ಬರೆದವರು ಕ್ರಮೇಣ ಒಬ್ಬರಿಗೊಬ್ಬರು ಬರೆದುಕೊಳ್ಳತೊಡಗಿದರು, ಊರೂರಲ್ಲಿ ಕೂಟ ಕಟ್ಟಿದರು. 1939ರ ಜುಲೈಯಲ್ಲಿ ನ್ಯೂಯಾರ್ಕ್‌ನಲ್ಲಿ ಮೊದಲ ವಿಶ್ವ ಸಮ್ಮೇಳನ ನಡೆಯಿತು. ಸೇರಿದ್ದವರು ಸುಮಾರು ಇನ್ನೂರು ಮಂದಿ. ಬಾಗಿಲಲ್ಲೇ ಗಲಾಟೆಯಾಗಿ, ಫ್ರೆಡರಿಕ್ ಪೋಲ್, ಡೊನಾಲ್ಡ್ ವೊಲ್‌ಹೈಮ್ ಸೇರಿದಂತೆ ಎದುರು ಗುಂಪಿನ ಕೆಲವರನ್ನು ಒಳಗೇ ಬಿಡಲಿಲ್ಲ. ಒಳಗೆ ‘ಮೆಟ್ರೊಪೊಲಿಸ್’ ಪ್ರದರ್ಶನ ಏರ್ಪಟ್ಟಿತ್ತು. ಅದೇ ಸಮ್ಮೇಳನಕ್ಕೆ ಲಾಸ್ ಏಂಜಲೀಸ್‌ನಿಂದ ಬಂದಿದ್ದ ಫಾರೆಸ್ಟ್ ಜೆ. ಆಕರ್‌ಮನ್ ಮತ್ತು ಗೆಳತಿ ಮರ್ಟಲ್ ಡಗ್ಲಾಸ್ ತೊಟ್ಟಿದ್ದು ‘ಥಿಂಗ್ಸ್ ಟು ಕಮ್’ ಮಾದರಿಯ ಉಡುಪು, ಮರ್ಟಲ್ ಕೈಯಾರೆ ಹೊಲಿದದ್ದು. ಲಾಂಗ್ ಮತ್ತು ವೆಲ್ಸ್ ಒಬ್ಬರನ್ನೊಬ್ಬರು ಒಪ್ಪದಿದ್ದರೇನು, ಅಭಿಮಾನಿಗಳು ಇಬ್ಬರನ್ನೂ ತಮ್ಮವರನ್ನಾಗಿ ಮಾಡಿಕೊಂಡಿದ್ದರು.

ವಾದಕ್ಕೆ ಮತಪೆಟ್ಟಿಗೆ ಸಿಕ್ಕಿದ್ದು 1958ರಲ್ಲಿ. ಗರ್ನ್ಸ್‌ಬ್ಯಾಕ್ ಹೆಸರಿನ ಹ್ಯೂಗೊ ಪ್ರಶಸ್ತಿಯನ್ನು ಅದೇ ವಿಶ್ವ ಸಮ್ಮೇಳನದ ಸದಸ್ಯರು ಮತ ಹಾಕಿ ಕೊಡುತ್ತಾರೆ. ಆ ವರ್ಷ ಮೊದಲ ಬಾರಿಗೆ ಒಂದು ಸಿನಿಮಾಗೆ, ‘ದಿ ಇನ್‌ಕ್ರೆಡಿಬಲ್ ಶ್ರಿಂಕಿಂಗ್ ಮ್ಯಾನ್’ಗೆ, ಅದು ಸಂದಿತು. ಹ್ಯೂಗೊ ಮತಪತ್ರದಲ್ಲಿ ‘ಯಾವುದಕ್ಕೂ ಬೇಡ’ ಎಂಬ ಆಯ್ಕೆಯೂ ಇದೆ. ಮರುವರ್ಷವೇ ಅಭಿಮಾನಿಗಳು ಅದನ್ನು ಗೆಲ್ಲಿಸಿದರು! ‘ದಿ ಫ್ಲೈ’ಯಂಥ ಚಿತ್ರ ಕಣದಲ್ಲಿದ್ದರೂ ಅವರಿಗೆ ಸಾಲಲಿಲ್ಲ. 1970ರಲ್ಲಿ ಪ್ರಶಸ್ತಿ ಹೋದದ್ದು ಯಾವ ಕಥಾಚಿತ್ರಕ್ಕೂ ಅಲ್ಲ, ಅಪೊಲೊ 11 ಚಂದ್ರಯಾನದ ಟೆಲಿವಿಷನ್ ನೇರಪ್ರಸಾರಕ್ಕೆ. 1977ರಲ್ಲಿ ಮತ್ತೆ ‘ಯಾವುದಕ್ಕೂ ಬೇಡ’. ಹಿಂದಿನ ವರ್ಷದ ಚಿತ್ರಗಳನ್ನು ಹೀಗೆ ಸಾರಾಸಗಟಾಗಿ ತಳ್ಳಿಹಾಕಿದ ಸಮ್ಮೇಳನವೇ, ಆ ಬೇಸಿಗೆಯಲ್ಲಿ ಬಂದಿದ್ದ ‘ಸ್ಟಾರ್ ವಾರ್ಸ್’ಗೆ ವಿಶೇಷ ಗೌರವ ಸಲ್ಲಿಸಿತು. ತಮ್ಮ ಪ್ರಕಾರವನ್ನು ಇಷ್ಟು ಪ್ರೀತಿಸುವವರೇ ಅದರ ಬಗ್ಗೆ ಇಷ್ಟು ಬಿಗಿಯಾಗಿರುವುದು ನನಗೆ ಬಹಳ ಇಷ್ಟವಾದ ಸಂಗತಿ.

‘ಸ್ಟಾರ್ ವಾರ್ಸ್’ ಬಂದ ಮೇಲೆ ವಾದದ ಪ್ರಮಾಣವೇ ಬದಲಾಯಿತು. ಅದಕ್ಕೆ ಮುಂಚೆ ‘ಸ್ಟಾರ್ ಟ್ರೆಕ್’ ಧಾರಾವಾಹಿಯನ್ನು ನಿಲ್ಲಿಸದಂತೆ ಬೀಜೊ ಟ್ರಿಂಬಲ್ ದಂಪತಿಯ ಮುಂದಾಳತ್ವದಲ್ಲಿ ಅಭಿಮಾನಿಗಳು ಎನ್‌ಬಿಸಿ ವಾಹಿನಿಗೆ ಪತ್ರಗಳ ಮಳೆ ಸುರಿಸಿ ಗೆದ್ದಿದ್ದರು. ಈಗ ಎರಡು ಬಣಗಳಾದವು: ವಿಜ್ಞಾನ, ವಿಚಾರ, ಭವಿಷ್ಯದ ಸಮಾಜ ಎನ್ನುವವರು ಒಂದು ಕಡೆ, ಪುರಾಣ, ಸಾಹಸ, ರಾಜಕುಮಾರಿ ಎನ್ನುವವರು ಇನ್ನೊಂದು ಕಡೆ. ನಿರ್ವಾತದಲ್ಲಿ ಸ್ಫೋಟದ ಸದ್ದು ಹೇಗೆ ಕೇಳಿಸುತ್ತದೆ? ‘ಸ್ಟಾರ್ ವಾರ್ಸ್’ನ ಹ್ಯಾನ್ ಸೋಲೊ ತನ್ನ ಹಡಗಿನ ವೇಗ ಕೊಚ್ಚಿಕೊಳ್ಳುತ್ತ ಪಾರ್ಸೆಕ್ ಲೆಕ್ಕ ಹೇಳುತ್ತಾನಲ್ಲ, ಪಾರ್ಸೆಕ್ ಎನ್ನುವುದು ದೂರದ ಅಳತೆ, ಸುಮಾರು 3.26 ಜ್ಯೋತಿರ್ವರ್ಷ, ಸಮಯದ ಅಳತೆ ಹೇಗಾದೀತು? ಅವನು ಅಪಾಯದ ಹಾದಿಯಲ್ಲಿ ನುಗ್ಗಿ ದೂರವನ್ನೇ ಕಡಿಮೆ ಮಾಡಿದ ಎಂದು ಅಭಿಮಾನಿಗಳು ಸಮಜಾಯಿಷಿ ಕೊಟ್ಟರು. 2018ರ ‘ಸೋಲೊ’ ಚಿತ್ರ ಅದನ್ನೇ ತೆರೆಯ ಮೇಲೆ ತಂದಿತು.

ಆದರೆ ಅಭಿಮಾನಿಗಳ ವಾದದ ಶಕ್ತಿ ಏನೆಂದು ತಿಳಿಯಬೇಕಾದರೆ 1982ಕ್ಕೆ ಬರಬೇಕು. ಆ ಜೂನ್ 11ರಂದು ಸ್ಪೀಲ್‌ಬರ್ಗ್‌ರ ‘ಇ.ಟಿ.’ ತೆರೆಗೆ ಬಂದು ಎಲ್ಲರ ಮನಸ್ಸು ಗೆದ್ದಿತು. ಎರಡು ವಾರದ ಮೇಲೆ, ಒಂದೇ ದಿನ, ರಿಡ್ಲಿ ಸ್ಕಾಟ್‌ರ ‘ಬ್ಲೇಡ್ ರನ್ನರ್’ ಮತ್ತು ಜಾನ್ ಕಾರ್ಪೆಂಟರ್‌ರ ‘ದಿ ಥಿಂಗ್’ ಬಿಡುಗಡೆಯಾದವು. ಎರಡೂ ಮಕಾಡೆ ಮಲಗಿದವು. ಮರುವರ್ಷ ಬಾಲ್ಟಿಮೋರ್ ಸಮ್ಮೇಳನದಲ್ಲಿ ಮತ ಎಣಿಸಿದಾಗ ಹ್ಯೂಗೊ ‘ಇ.ಟಿ.’ಗೆ ಬರಲಿಲ್ಲ, ‘ಬ್ಲೇಡ್ ರನ್ನರ್’ಗೆ ಬಂತು. ಜಗತ್ತು ಕೈಬಿಟ್ಟ ಚಿತ್ರವನ್ನು ಅಭಿಮಾನಿಗಳು ಎತ್ತಿಕೊಂಡರು, ಮತ್ತು ಅವರ ನೋಟ ಸರಿಯಾಗಿತ್ತು.

ಮಾನವರಂತೆಯೇ ಕಾಣುವ ಕೃತಕ ಜೀವಿಗಳಾದ ರೆಪ್ಲಿಕೆಂಟ್‌ಗಳನ್ನು ಬೇಟೆಯಾಡುವ ಡೆಕರ್ಡ್ ತಾನೇ ರೆಪ್ಲಿಕೆಂಟ್ ಇರಬಹುದೇ? ನಲವತ್ತು ವರ್ಷ ದಾಟಿದ ಈ ಪ್ರಶ್ನೆಯ ಬೇರು ಚಿಕ್ಕ ಚಿಕ್ಕ ವಿವರಗಳಲ್ಲಿದೆ. 1982ರ ಚಿತ್ರದ ಕೊನೆಯಲ್ಲಿ ಡೆಕರ್ಡ್‌ನ ಮನೆ ಬಾಗಿಲಲ್ಲಿ, ಸಹೋದ್ಯೋಗಿ ಗ್ಯಾಫ್ ಮಡಿಸಿಟ್ಟ ಕಾಗದದ ಒಂಟಿಕೊಂಬಿನ ಕುದುರೆ ಬಿದ್ದಿರುತ್ತದೆ. ಅದರ ಅರ್ಥ ಇಷ್ಟೇ: ಗ್ಯಾಫ್ ಬಂದಿದ್ದ, ಒಳಗೆ ಮಲಗಿದ್ದ ರೆಪ್ಲಿಕೆಂಟ್ ರೇಚಲ್‌ಳನ್ನು ಕೊಲ್ಲದೆ ಹೋದ. 1992ರ ನಿರ್ದೇಶಕರ ಆವೃತ್ತಿಯಲ್ಲಿ ಸ್ಕಾಟ್ ನಿರೂಪಣೆಯ ದನಿಯನ್ನೂ ಸುಖಾಂತವನ್ನೂ ತೆಗೆದುಹಾಕಿ, ಕೆಲವೇ ಕ್ಷಣಗಳ ಒಂದು ದೃಶ್ಯ ಸೇರಿಸಿದರು: ಪಿಯಾನೊ ಮುಂದೆ ಕೂತ ಡೆಕರ್ಡ್‌ನ ಕಣ್ಣೆದುರು ಕಾಡಿನಲ್ಲಿ ಬಿಳಿಯ ಒಂಟಿಕೊಂಬಿನ ಕುದುರೆಯೊಂದು ಓಡಿಬರುತ್ತದೆ. ಅದೇ ಕಾಗದದ ಕುದುರೆ ಈಗ ಬೇರೆಯದೇ ಮಾತಾಡತೊಡಗಿತು. ಡೆಕರ್ಡ್‌ನ ಖಾಸಗಿ ಕನಸು ಗ್ಯಾಫ್‌ಗೆ ಹೇಗೆ ಗೊತ್ತು? ರೇಚಲ್‌ಳ ಬಾಲ್ಯದ ಜೇಡದ ನೆನಪನ್ನು ಡೆಕರ್ಡ್ ಕಡತ ಓದಿದವನಂತೆ ಹೇಳಿದ್ದನಲ್ಲ, ಇವನ ನೆನಪೂ ಯಾರೋ ಒಳಗಿಟ್ಟದ್ದೇ?

ಇನ್ನೊಂದು ವಿವರ ಕೇಳಿ. ಪೊಲೀಸ್ ಅಧಿಕಾರಿ ಬ್ರಯಂಟ್ ಆರು ರೆಪ್ಲಿಕೆಂಟ್‌ಗಳು ತಪ್ಪಿಸಿಕೊಂಡವು, ಒಂದು ಸುಟ್ಟುಹೋಯಿತು ಎನ್ನುತ್ತಾನೆ. ಡೆಕರ್ಡ್ ಹುಡುಕುವುದು ನಾಲ್ಕನ್ನು ಮಾತ್ರ. ಉಳಿದ ಐದನೆಯದು ಯಾರು? ಅದು ಡೆಕರ್ಡನೇ ಎಂದರು ಅಭಿಮಾನಿಗಳು. ಅಸಲಿಗೆ ಚಿತ್ರೀಕರಿಸದೆ ಕೈಬಿಟ್ಟ ಒಂದು ಪಾತ್ರದಿಂದ ಉಳಿದ ಲೆಕ್ಕದ ತಪ್ಪು ಅದು. 2007ರ ಅಂತಿಮ ಆವೃತ್ತಿಯಲ್ಲಿ ಸಂಭಾಷಣೆ ತಿದ್ದಿ ಸುಟ್ಟುಹೋದವರ ಸಂಖ್ಯೆಯನ್ನು ಎರಡು ಮಾಡಲಾಯಿತು. ಡೆಕರ್ಡ್ ರೆಪ್ಲಿಕೆಂಟೇ ಎಂದು ಸ್ಕಾಟ್ ಬಾಯಿಬಿಟ್ಟು ಹೇಳಿದ್ದಾರೆ. ಆ ಪಾತ್ರ ಮಾಡಿದ ಹ್ಯಾರಿಸನ್ ಫೋರ್ಡ್, ಪ್ರೇಕ್ಷಕರು ಕೈಹಿಡಿಯಲು ತೆರೆಯ ಮೇಲೆ ಒಬ್ಬ ಮನುಷ್ಯನಾದರೂ ಬೇಕೆಂದು ಅಂದೇ ವಾದಿಸಿದ್ದರು. ನನಗೆ ಫೋರ್ಡ್ ಮಾತೇ ಹೆಚ್ಚು ಆಳವಾದದ್ದು ಅನ್ನಿಸುತ್ತದೆ. ಸಾಯುವ ಗಳಿಗೆಯಲ್ಲಿ ರೆಪ್ಲಿಕೆಂಟ್ ರಾಯ್ ತನ್ನ ಬೇಟೆಗಾರನ ಜೀವ ಉಳಿಸುತ್ತಾನೆ. ಉಳಿದವನು ಮನುಷ್ಯನಾಗಿದ್ದರೆ ಮಾತ್ರ, ಮನುಷ್ಯತ್ವವನ್ನು ಯಾರು ಯಾರಿಗೆ ಕಲಿಸಿದರು ಎಂಬ ಪ್ರಶ್ನೆ ಎದೆಗೆ ನಾಟುತ್ತದೆ.

ಇಷ್ಟು ಆವೃತ್ತಿಗಳು ಬಂದಮೇಲೆ ಹೊಸ ಜಗಳ ಹುಟ್ಟಿತು: ಚಿತ್ರ ಯಾರದು? 1977ರ ‘ಸ್ಟಾರ್ ವಾರ್ಸ್’ನ ಪಾನಗೃಹದಲ್ಲಿ ತಲೆಬೇಟೆಗಾರ ಗ್ರೀಡೊ ಪಿಸ್ತೂಲು ಹಿಡಿದು ಎದುರು ಕೂತಿರುವಾಗ, ಹ್ಯಾನ್ ಸೋಲೊ ಮೇಜಿನ ಕೆಳಗಿನಿಂದಲೇ ಹೊಡೆದು ಕೊಲ್ಲುತ್ತಾನೆ. 1997ರ ವಿಶೇಷ ಆವೃತ್ತಿಯಲ್ಲಿ ಮೊದಲು ಗುಂಡು ಹಾರಿಸುವವನು ಗ್ರೀಡೊ, ಅದೂ ಮಾರುದೂರದಿಂದ ಗುರಿ ತಪ್ಪಿ. 2004ರ ಡಿವಿಡಿಯಲ್ಲಿ ಇಬ್ಬರದೂ ಹೆಚ್ಚುಕಡಿಮೆ ಒಟ್ಟಿಗೆ. 2019ರಲ್ಲಿ ಮತ್ತೊಮ್ಮೆ ತಿದ್ದುಪಡಿ. ತನ್ನ ನಾಯಕ ತಣ್ಣಗೆ ಕೊಲ್ಲುವವನಾಗಬಾರದು ಎಂಬುದು ಜಾರ್ಜ್ ಲೂಕಸ್‌ರ ಆಶಯ. ಸ್ವಾರ್ಥಿ ಕಳ್ಳಸಾಗಣೆದಾರ ಕೊನೆಗೆ ಗೆಳೆಯರಿಗಾಗಿ ಮರಳಿ ಬರುತ್ತಾನೆ ಎಂಬುದರಲ್ಲೇ ಕಥೆಯ ಜೀವವಿದೆ, ಆರಂಭದಲ್ಲೇ ಅವನನ್ನು ಒಳ್ಳೆಯವನನ್ನಾಗಿಸಿದರೆ ಆ ಮರಳಿಕೆಗೆ ಬೆಲೆಯೇನು ಎಂಬುದು ಅಭಿಮಾನಿಗಳ ಉತ್ತರ. ನಾನು ಅಭಿಮಾನಿಗಳ ಕಡೆ. ಲೂಕಸ್ ಸ್ವತಃ 1988ರಲ್ಲಿ ಅಮೆರಿಕದ ಸಂಸತ್ ಸಮಿತಿಯ ಮುಂದೆ, ಹಳೆಯ ಚಿತ್ರಗಳನ್ನು ತಿದ್ದುವುದು ಪರಂಪರೆಗೆ ಬಗೆದ ಅಪಚಾರವೆಂದು ಬಲವಾಗಿ ವಾದಿಸಿದ್ದವರು. 2025ರ ಜೂನ್‌ನಲ್ಲಿ ಲಂಡನ್ನಿನ ಬಿಎಫ್‌ಐ ಉತ್ಸವದಲ್ಲಿ 1977ರ ಮೂಲ ಪ್ರತಿಯ ಪ್ರದರ್ಶನವೇ ಒಂದು ಸುದ್ದಿಯಾಯಿತು.

ಹ್ಯೂಗೊ ಮತದಾರರು ಪ್ರತಿಸಲ ಸರಿ ಎಂದು ನಾನು ಹೇಳಲಾರೆ. 2000ದಲ್ಲಿ ‘ದಿ ಮೇಟ್ರಿಕ್ಸ್’ ಬಿಟ್ಟು ‘ಗ್ಯಾಲಕ್ಸಿ ಕ್ವೆಸ್ಟ್’ ಆರಿಸಿದರು. ‘ಸ್ಟಾರ್ ಟ್ರೆಕ್’ ಅಭಿಮಾನಿಗಳ ಮೇಲಿನ ಪ್ರೀತಿಯಿಂದಲೇ ತೆಗೆದ ಹಾಸ್ಯಚಿತ್ರ ಅದು, ಮನಸ್ಸು ವಾಲಿದ್ದು ಸಹಜ. ಆದರೆ 2015ರಲ್ಲಿ ‘ಇಂಟರ್‌ಸ್ಟೆಲ್ಲರ್’ ಸೋತದ್ದು ನನಗೆ ಇವತ್ತಿಗೂ ಸಮಾಧಾನ ತಂದಿಲ್ಲ. ಭೌತವಿಜ್ಞಾನಿ ಕಿಪ್ ಥಾರ್ನ್ ಕೊಟ್ಟ ಸಮೀಕರಣಗಳಿಂದಲೇ ಅಲ್ಲಿನ ಕಪ್ಪುಕುಳಿಯನ್ನು ಚಿತ್ರಿಸಲಾಗಿತ್ತು. ಒಂದು ಗ್ರಹದ ಮೇಲಿನ ಒಂದು ಗಂಟೆ ಭೂಮಿಯ ಏಳು ವರ್ಷಕ್ಕೆ ಸಮವಾಗುವುದನ್ನು ತಂದೆಯ ಕಣ್ಣೀರಿನಲ್ಲಿ ತೋರಿಸಿದ ಚಿತ್ರ ಅದು.

ಕನ್ನಡಿಗರು ಈ ಪಟ್ಟಾಂಗಕ್ಕೆ ಸೇರಿದ್ದು ತಡವಾಗಿ, ಅದೂ ಬಹುಪಾಲು ಇಂಗ್ಲಿಷಿನ ಮೂಲಕ. ದಶಕಗಳ ಕಾಲ ಇದ್ದ ಡಬ್ಬಿಂಗ್ ತಡೆಯ ಫಲವಾಗಿ ಇಂಥ ಚಿತ್ರಗಳು ಕನ್ನಡದಲ್ಲಿ ಮಾತಾಡಲೇ ಇಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ ದಾರಿ ತೆರೆಯಿತು, 2022ರ ‘ಅವತಾರ್’ ಎರಡನೇ ಭಾಗ ಕನ್ನಡದಲ್ಲೂ ಬಂತು. ನಮ್ಮದೇ ಪ್ರಯತ್ನಗಳು ಬೆರಳೆಣಿಕೆಯಷ್ಟು: 2002ರಲ್ಲಿ ಉಪೇಂದ್ರ ಯಂತ್ರಮಾನವನಾಗಿ ಕಾಣಿಸಿಕೊಂಡ ‘ಹಾಲಿವುಡ್’, 2024ರಲ್ಲಿ ಅವರೇ ನಿರ್ದೇಶಿಸಿದ ‘ಯುಐ’. ‘ಯುಐ’ ನೋಡಿ ಹೊರಬಂದವರು ಇದರ ಅರ್ಥವೇನು ಎಂದು ಕಿತ್ತಾಡಿಕೊಂಡರಲ್ಲ, ಆ ಕಿತ್ತಾಟ ಕನ್ನಡದಲ್ಲೇ ನಡೆದದ್ದು ನನಗೆ ಸಂತೋಷದ ವಿಷಯ. ಇನ್ನೂ ದೊಡ್ಡ ವಾದವೊಂದು ಭಾರತದ ಪಾಲಿಗಿದೆ. ಸತ್ಯಜಿತ್ ರೇ 1967ರಲ್ಲಿ ಬರೆದ ‘ದಿ ಏಲಿಯನ್’ ಚಿತ್ರಕಥೆ ಹಾಲಿವುಡ್ ಬಾಗಿಲವರೆಗೆ ಹೋಗಿ ನಿಂತುಹೋಯಿತು. ‘ಇ.ಟಿ.’ ಬಂದಾಗ ಎರಡರ ಹೋಲಿಕೆಯನ್ನು ಎತ್ತಿ ತೋರಿಸಿದವರಲ್ಲಿ ಕ್ಲಾರ್ಕ್ ಕೂಡ ಇದ್ದರು. ಸ್ಪೀಲ್‌ಬರ್ಗ್ ನಿರಾಕರಿಸಿದರು.

ವಾದ ಹದ ತಪ್ಪಿದ್ದೂ ಉಂಟು. 2017ರ ‘ದಿ ಲಾಸ್ಟ್ ಜೇಡೈ’ ಅಭಿಮಾನಿಗಳನ್ನು ಎರಡು ಪಾಲು ಮಾಡಿತು. ಅದರಲ್ಲಿ ನಟಿಸಿದ ಕೆಲಿ ಮೇರಿ ಟ್ರಾನ್ ಜನಾಂಗೀಯ ನಿಂದನೆ ತಾಳಲಾರದೆ ಸಾಮಾಜಿಕ ಜಾಲತಾಣ ತೊರೆದರು. ಅದನ್ನು ಅಭಿಮಾನ ಎನ್ನಲು ನಾನು ತಯಾರಿಲ್ಲ. ಚಿತ್ರವನ್ನು ಬಿಟ್ಟು ಮನುಷ್ಯರ ಮೇಲೆ ಬೀಳುವವರಿಗೆ ಚಿತ್ರದ ಬಗ್ಗೆ ಹೇಳಲು ಏನೂ ಇರುವುದಿಲ್ಲ.

ಈಗಿನ ವಾದಗಳಲ್ಲಿ ನನ್ನನ್ನು ಹೆಚ್ಚು ಹಿಡಿದಿಟ್ಟಿರುವುದು ಡೆನಿಸ್ ವಿಲ್ನೂವ್‌ರ ‘ಅರೈವಲ್’ (2016) ಕುರಿತದ್ದು. ಅದು 2017ರ ಹ್ಯೂಗೊ ಗೆದ್ದಿತು. ಭೌತವಿಜ್ಞಾನದ ತಪ್ಪುಒಪ್ಪು ಹುಡುಕುತ್ತಿದ್ದ ಅಭಿಮಾನಿಗಳನ್ನು ಅದು ಭಾಷಾವಿಜ್ಞಾನಕ್ಕೆ ಎಳೆತಂದಿತು. ಅನ್ಯಗ್ರಹದವರ ವೃತ್ತಾಕಾರದ ಲಿಪಿ ಕಲಿಯುತ್ತ ಹೋದ ಭಾಷಾವಿಜ್ಞಾನಿ ಲೂಯಿಸ್‌ಗೆ ಕಾಲವೇ ಬೇರೆ ಥರ ಕಾಣಿಸುತ್ತದೆ. ಇನ್ನೂ ಹುಟ್ಟದ ಮಗಳ ಬದುಕು ಮತ್ತು ಸಾವು ಎರಡೂ ಗೊತ್ತಾಗುತ್ತವೆ. ಭಾಷೆ ಯೋಚನೆಯನ್ನು ಅಷ್ಟರಮಟ್ಟಿಗೆ ಬದಲಿಸೀತೇ ಎಂಬ ಆಕ್ಷೇಪ ಒಂದು. ಅದಕ್ಕಿಂತ ಹರಿತವಾದ ಆಕ್ಷೇಪ ಟೆಡ್ ಚಿಯಾಂಗ್‌ರ 1998ರ ಮೂಲ ಕಥೆಯನ್ನು ಓದಿದವರದು. ಕಥೆಯಲ್ಲಿ ಮಗಳು ಸಾಯುವುದು ಇಪ್ಪತ್ತೈದರ ವಯಸ್ಸಿನಲ್ಲಿ, ಬಂಡೆ ಹತ್ತುವಾಗ ಬಿದ್ದು. ಚಿತ್ರದಲ್ಲಿ ಸಾಯುವುದು ಎಳೆಯ ವಯಸ್ಸಿನಲ್ಲಿ, ವಾಸಿಯಾಗದ ಕಾಯಿಲೆಯಿಂದ. ಕಾಯಿಲೆಯನ್ನು ತಾಯಿ ತಡೆಯಲಾರಳು. ಬಂಡೆ ಹತ್ತಬೇಡ ಎಂದು ಮಾತ್ರ ಒಂದು ಮಾತು ಹೇಳಬಹುದಿತ್ತು. ಗೊತ್ತಿದ್ದೂ ಅವಳು ಹೇಳುವುದಿಲ್ಲ. ಚಿತ್ರವನ್ನು ನಾನು ಎಷ್ಟೇ ಮೆಚ್ಚಿದರೂ, ಈ ಒಂದು ವಿಷಯದಲ್ಲಿ ಕಥೆಯೇ ಧೈರ್ಯದ್ದು. ಒಪ್ಪದವರು ಎರಡನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ವಾದಕ್ಕೆ ಬರಲಿ.