ಹಾಸಿಗೆ ಇದ್ದಷ್ಟು

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಮೂವತ್ತು ವರ್ಷಗಳಿಂದ ಮಕ್ಕಳಿಗೆ ಹೇಳುತ್ತಾ ಬಂದವಳು ನಾನು. ಅದೇ ಗಾದೆ ಹೋದ ವರ್ಷ ನನ್ನ ಎದುರಿಗೇ ಬಂದು ನಿಂತಿತು.

ಕ್ಯಾಲಿಫೋರ್ನಿಯಾದಲ್ಲಿರುವ ಮಗಳಿಗೆ ಎರಡನೆಯ ಹೆರಿಗೆ. ಫೋನಿನಲ್ಲಿ ಅವಳು, “ಅಮ್ಮಾ, ಈ ಸಲ ಬಿಸಿನೆಸ್ ಕ್ಲಾಸ್‌ನಲ್ಲೇ ಬಾ. ಮೂರು ಏರ್‌ಲೈನ್ಸ್ ಹೆಸರು ಕಳಿಸ್ತೀನಿ, ಯಾವುದು ಅಂತ ನೀನೇ ನೋಡಿ ಹೇಳು” ಎಂದಳು. ಬೆಲೆ ಕೇಳಿದ ನಮ್ಮ ಮನೆಯವರು ಕನ್ನಡಕ ತೆಗೆದು, “ಅಷ್ಟು ದುಡ್ಡಿಗೆ ಮಹಡಿ ಮೇಲೆ ಒಂದು ರೂಮು ಎತ್ತಬಹುದು ಕಣೇ” ಎಂದರು. ಅವರು ಹೇಳಿದ್ದು ಸುಳ್ಳಲ್ಲ.

ಆದರೆ ಮೊದಲ ಹೆರಿಗೆಗೆ ಹೋದಾಗಿನ ಕಥೆ ಬೇರೆ ಇತ್ತು. ನಡುವಿನ ಸೀಟು. ಆಚೆ ಈಚೆ ಅಪರಿಚಿತ ಗಂಡಸರು, ಇಬ್ಬರೂ ಗಾಢ ನಿದ್ರೆಯಲ್ಲಿ. ಎಬ್ಬಿಸಲು ಸಂಕೋಚ. ಎದ್ದು ಹೋಗುವ ಪ್ರಸಂಗವೇ ಬಾರದಿರಲಿ ಎಂದು ನೀರನ್ನೇ ಕುಡಿಯದೆ ಕೂತೆ. ಬಸ್ಸು ಹತ್ತುವ ಮೊದಲು ಎರಡು ಗಂಟೆ ನೀರು ಬಿಡುವ ಈ ಅಭ್ಯಾಸ ನಮ್ಮಲ್ಲಿ ಯಾರಿಗಿಲ್ಲ ಹೇಳಿ? ಇಳಿದ ಮೂರನೆಯ ದಿನ ಎಡಗಾಲ ಮೀನಖಂಡ ಊದಿಕೊಂಡಿತು. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು ಡಾಕ್ಟರು. ಮೂರು ತಿಂಗಳು ಮಾತ್ರೆ. ಬಾಣಂತನ ಮಾಡಲು ಹೋದವಳು ಹಸಿ ಬಾಣಂತಿಯಿಂದಲೇ ಮಾಡಿಸಿಕೊಂಡು ಬಂದೆ. ಆ ನಾಚಿಕೆ ಕಾಲಿನ ನೋವಿಗಿಂತ ಹೆಚ್ಚು ದಿನ ಉಳಿಯಿತು.

ಸಮಾಜ ವಿಜ್ಞಾನದ ಮೇಷ್ಟ್ರಮ್ಮನಿಗೆ ಸೀರೆ ಕೊಳ್ಳುವಾಗಲೂ ಅದರ ಊರು ಯಾವುದೆಂದು ತಿಳಿಯಬೇಕು. ಹಾಗಾಗಿ ಮಗಳು ಕಳಿಸಿದ ಹೆಸರುಗಳನ್ನು ಬದಿಗಿಟ್ಟು, ಪೆಸಿಫಿಕ್ ಸಾಗರವನ್ನು ಜನ ಹೇಗೆ ದಾಟಿದರು ಎಂಬುದರಿಂದಲೇ ಶುರುಮಾಡಿದೆ.

1935ರ ನವೆಂಬರ್ 22ರಂದು ಪ್ಯಾನ್ ಅಮೆರಿಕನ್ ಕಂಪನಿಯ ‘ಚೈನಾ ಕ್ಲಿಪ್ಪರ್’ ಎಂಬ ವಿಮಾನ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ನೀರಿನಿಂದ ಮೇಲೆದ್ದಿತು. ಅದು ನೀರಿನ ಮೇಲೆ ಇಳಿದು ನೀರಿನಿಂದಲೇ ಹಾರುವ ವಿಮಾನ. ಹೊತ್ತದ್ದು ಬರೀ ಟಪಾಲು. ಹೊನಲುಲು, ಮಿಡ್‌ವೇ, ವೇಕ್, ಗುವಾಮ್ ಎಂದು ದ್ವೀಪದಿಂದ ದ್ವೀಪಕ್ಕೆ ಹಾರಿ 29ರಂದು ಮನಿಲಾ ಮುಟ್ಟಿತು. ಮರುವರ್ಷ ಅಕ್ಟೋಬರಿನಲ್ಲಿ ಪ್ರಯಾಣಿಕರಿಗೂ ಬಾಗಿಲು ತೆರೆಯಿತು. ಮನಿಲಾಕ್ಕೆ ಹೋಗುವ ದಾರಿಗೆ ಮಾತ್ರ 799 ಡಾಲರು. ಆಗ ಅದಕ್ಕಿಂತ ಕಡಿಮೆಗೆ ಅಮೆರಿಕದಲ್ಲಿ ಹೊಸ ಫೋರ್ಡ್ ಕಾರು ಬರುತ್ತಿತ್ತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೆಲೆಯಲ್ಲ, ಹಾಸಿಗೆ. ಹೊನಲುಲುವರೆಗೆ ಒಂದು ರಾತ್ರಿಯ ಹಾರಾಟ. ಅದಕ್ಕೆ ನಮ್ಮ ರೈಲಿನ ಬರ್ತಿನಂಥ ಬರ್ತುಗಳು. ಮುಂದೆ ಹಗಲು ಹಾರಾಟ, ರಾತ್ರಿ ದ್ವೀಪದಲ್ಲಿ ವಸತಿ. ಕುಡಿಯಲು ಸಿಹಿನೀರಿನ ಸೆಲೆಯೂ ಇಲ್ಲದ ವೇಕ್ ದ್ವೀಪದಲ್ಲಿ ಹಡಗಿನಲ್ಲಿ ಸಾಮಾನು ತಂದು ಹೋಟೆಲು ಕಟ್ಟಿದರು, ಮಣ್ಣಿಲ್ಲದೆ ನೀರಿನಲ್ಲೇ ತರಕಾರಿ ಬೆಳೆದರು. ಪ್ರಯಾಣಿಕರು ಕಾಲು ಚಾಚಿ ಮಲಗಲೇಬೇಕು ಎಂಬುದು ಆಗ ಯಾರಿಗೂ ಭೋಗವೆನಿಸಲಿಲ್ಲ. ಅದು ಪ್ರಯಾಣದ ಭಾಗವೇ ಆಗಿತ್ತು.

ಆ ಹೋಟೆಲಿನಲ್ಲಿ ಹಾಸಿಗೆ ಹಾಸುತ್ತಿದ್ದವರು ಗುವಾಮ್ ದ್ವೀಪದ ಚಮೋರೋ ಜನ. 1941ರ ಡಿಸೆಂಬರಿನಲ್ಲಿ ಜಪಾನಿನ ಬಾಂಬುಗಳು ವೇಕ್ ಮೇಲೆ ಬಿದ್ದಾಗ ಅವರಲ್ಲಿ ಹಲವರು ಸತ್ತರು. ನೀರಿನಲ್ಲಿ ನಿಂತಿದ್ದ ‘ಫಿಲಿಪೀನ್ ಕ್ಲಿಪ್ಪರ್’ ಹೇಗೋ ಉಳಿದಿತ್ತು. ಭಾರ ಕಡಿಮೆ ಮಾಡಿಕೊಂಡು, ಪ್ರಯಾಣಿಕರನ್ನೂ ಕಂಪನಿಯ ಬಿಳಿಯ ನೌಕರರನ್ನೂ ತುಂಬಿಕೊಂಡು ಅದು ಹಾರಿಹೋಯಿತು. ಚಮೋರೋ ಕೆಲಸಗಾರರನ್ನು ಅಲ್ಲೇ ಬಿಟ್ಟರು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸೀಟು ಎಂದರೆ ಬರೀ ಸೀಟಲ್ಲ, ಯಾರ ಜೀವಕ್ಕೆ ಎಷ್ಟು ಬೆಲೆ ಎಂಬ ಲೆಕ್ಕವೂ ಅದರೊಳಗಿದೆ.

ಯುದ್ಧ ಮುಗಿದು ಜೆಟ್ ವಿಮಾನ ಬಂದ ಮೇಲೆ ದಿನಗಳ ಪ್ರಯಾಣ ಗಂಟೆಗಳಿಗೆ ಇಳಿಯಿತು. ಹಾಸಿಗೆ ಬಹುಮಟ್ಟಿಗೆ ಮಾಯವಾಯಿತು. 1976ರಲ್ಲಿ ನ್ಯೂಯಾರ್ಕಿನಿಂದ ಟೋಕಿಯೋಗೆ ಎಲ್ಲೂ ನಿಲ್ಲದೆ ಹಾರುವ ವಿಮಾನವೂ ಬಂತು. ಈ ನಡುವೆ ಅಗ್ಗದ ಟಿಕೆಟುಗಳು ಹೆಚ್ಚಿದವು. ಪೂರ್ತಿ ದರ ಕೊಟ್ಟವರು, ನಾವೂ ಅರ್ಧ ಬೆಲೆಗೆ ಬಂದವರೂ ಒಂದೇ ಸಾಲಿನಲ್ಲೇ ಎಂದು ಗೊಣಗಿದರು. ಅವರನ್ನು ಸಮಾಧಾನಪಡಿಸಲು ಒಂದು ಪರದೆ ಎಳೆದದ್ದೇ ಬಿಸಿನೆಸ್ ಕ್ಲಾಸಿನ ಹುಟ್ಟು. 1978ರಲ್ಲಿ ಬ್ರಿಟಿಷ್ ಏರ್‌ವೇಸ್ ಮತ್ತು ಪ್ಯಾನ್ ಆಮ್, 1979ರಲ್ಲಿ ಆಸ್ಟ್ರೇಲಿಯಾದ ಕ್ವಾಂಟಾಸ್ ಇದನ್ನು ಶುರುಮಾಡಿದವು. ಆಗಲೂ ಸಿಕ್ಕಿದ್ದು ಒಳ್ಳೆಯ ಕುರ್ಚಿ ಅಷ್ಟೆ. ಚಪ್ಪಟೆಯಾಗಿ ಮಲಗುವ ಸೀಟನ್ನು ಬ್ರಿಟಿಷ್ ಏರ್‌ವೇಸ್ ಬಿಸಿನೆಸ್ ಕ್ಲಾಸಿಗೆ ತಂದದ್ದು 2000ದಲ್ಲಿ. 1936ರ ಪ್ರಯಾಣಿಕರಿಗೆ ಟಿಕೆಟಿನ ಜೊತೆಯಲ್ಲೇ ಇದ್ದದ್ದನ್ನು ಈಗ ನಾವು ಬೇರೆ ಬೆಲೆ ತೆತ್ತು ಕೊಳ್ಳುತ್ತಿದ್ದೇವೆ.

ಇಷ್ಟು ತಿಳಿದ ಮೇಲೆ ಆಯ್ಕೆ ಸುಲಭವಾಯಿತು. ವಿಮಾನ ಕಂಪನಿಯ ಹೆಸರನ್ನೂ ಊಟದ ಪಟ್ಟಿಯನ್ನೂ ಪಕ್ಕಕ್ಕಿಟ್ಟು ಮಗಳಿಗೆ ಮೂರೇ ಪ್ರಶ್ನೆ ಕೇಳಿದೆ. ಸೀಟು ಪೂರ್ತಿ ಚಪ್ಪಟೆಯಾಗುತ್ತದೆಯೋ, ಇಳಿಜಾರಾಗಿಯೇ ನಿಲ್ಲುತ್ತದೆಯೋ? ಯಾರನ್ನೂ ದಾಟದೆ ಓಣಿಗೆ ಇಳಿಯಬಹುದೋ? ಪೆಸಿಫಿಕ್ ಮೇಲಿನ ಹಾರಾಟ ಎಷ್ಟು ಗಂಟೆ? ಒಂದೇ ಕಂಪನಿಯಲ್ಲೂ ವಿಮಾನಕ್ಕೊಂದು ಬಗೆಯ ಸೀಟು ಇರುವುದರಿಂದ ಯಾವ ವಿಮಾನ ಎಂದು ಕೇಳುವುದೇ ಮುಖ್ಯ. ಸಾಲಿನಲ್ಲಿ ಒಂದು, ಎರಡು, ಒಂದು ಎಂದು ಸೀಟುಗಳಿದ್ದರೆ ಪ್ರತಿಯೊಬ್ಬರಿಗೂ ಓಣಿ ಸಿಗುತ್ತದೆ. ಕೊನೆಗೆ ಟೋಕಿಯೋ ಮೇಲೆ ಹೋಗುವ ಟಿಕೆಟು ತೆಗೆದೆವು. ಬೆಂಗಳೂರಿನಿಂದ ಟೋಕಿಯೋವರೆಗೆ ಸಾಮಾನ್ಯ ದರ್ಜೆ, ಓಣಿ ಪಕ್ಕದ ಸೀಟು. ಸಾಗರದ ಮೇಲೆ ಮಾತ್ರ ಹಾಸಿಗೆ. ಹೀಗೆ ಅರ್ಧ ಅರ್ಧ ಕೊಂಡದ್ದರಿಂದ ಹಣವೂ ಸಾಕಷ್ಟು ಉಳಿಯಿತು. ಹಾಸಿಗೆ ಇದ್ದಷ್ಟು ಕಾಲು ಎಂಬುದನ್ನು ತಿರುಗಿಸಿ, ಕಾಲಿಗೆ ಬೇಕಾದಷ್ಟು ಹಾಸಿಗೆ ಕೊಂಡೆ ಎನ್ನಿ.

ಹೊರಡುವ ಮುಂಚೆ ನಮ್ಮ ಡಾಕ್ಟರು ಒಂದು ಮಾತು ಹೇಳಿದರು: “ರಕ್ತ ಹೆಪ್ಪುಗಟ್ಟುವುದಕ್ಕೆ ನಿಮ್ಮ ಕ್ಲಾಸು ಗೊತ್ತಾಗುವುದಿಲ್ಲ ಟೀಚರ್. ಅಲ್ಲಾಡದೆ ಬಿದ್ದುಕೊಂಡರೆ ದೊಡ್ಡ ಸೀಟಿನಲ್ಲೂ ಅದು ಬರುತ್ತದೆ. ನೀರು ಕುಡಿಯಿರಿ, ಓಡಾಡಿ.” ಕಾಲಿಗೆ ಬಿಗಿಯಾದ ಸಾಕ್ಸನ್ನೂ ಬರೆದುಕೊಟ್ಟರು. ಅಂದರೆ ನಾನು ಕೊಂಡದ್ದು ಹಾಸಿಗೆಗಿಂತ ಹೆಚ್ಚಾಗಿ, ಯಾರ ಅಪ್ಪಣೆಯೂ ಇಲ್ಲದೆ ಏಳುವ ಅವಕಾಶವನ್ನು.

ಟೋಕಿಯೋದಿಂದ ಸಂಜೆ ಹೊರಟೆ. ಎದುರಿನ ಪರದೆಯ ಭೂಪಟದಲ್ಲಿ ವೇಕ್ ದ್ವೀಪವನ್ನು ಹುಡುಕಿದೆ. ನಮ್ಮ ದಾರಿ ಬಹಳ ಉತ್ತರಕ್ಕಿತ್ತು, ಅದು ಕಾಣಲಿಲ್ಲ. ಹಾಸಿಗೆ ಹಾಸಿಕೊಟ್ಟ ಹುಡುಗಿಗೆ ನನ್ನ ಮಗಳದೇ ವಯಸ್ಸಿರಬಹುದು. ಎಲ್ಲರೂ ಮಲಗಿದ ಮೇಲೂ ಅವಳು ನಿಂತೇ ಇದ್ದಳು. ಎರಡು ಗಂಟೆಗೊಮ್ಮೆ ಎದ್ದು ಓಡಾಡುವಾಗ ಅವಳಿದ್ದಲ್ಲಿಗೆ ಹೋಗಿ ಕೈಸನ್ನೆಯಲ್ಲಿ ನೀರು ಕೇಳಿ ಕುಡಿದೆ. ಒಮ್ಮೆ ಅವಳು ಹಿಮ್ಮಡಿ ಎತ್ತಿ ಎತ್ತಿ ಇಳಿಸಿ ಕಾಲಿನ ವ್ಯಾಯಾಮ ತೋರಿಸಿದಳು. ನಾನೂ ಅವಳ ಪಕ್ಕ ನಿಂತು ಮಾಡಿದೆ. ಇಬ್ಬರಿಗೂ ನಗು ಬಂತು.

ದಿನಾಂಕ ರೇಖೆ ದಾಟಿದ್ದರಿಂದ, ಸಂಜೆ ಹೊರಟವಳು ಅದೇ ದಿನದ ಬೆಳಿಗ್ಗೆ ಇಳಿದೆ. ತರಗತಿಯಲ್ಲಿ ಎಷ್ಟು ಸಲ ಪಾಠ ಮಾಡಿದರೂ ನನಗೇ ಪೂರ್ತಿ ನಂಬಿಕೆ ಬರದಿದ್ದ ಸಂಗತಿ ಅದು. ವಿಮಾನ ನಿಲ್ದಾಣದಲ್ಲಿ ತುಂಬು ಬಸುರಿ ಮಗಳು ಮೊದಲು ನೋಡಿದ್ದು ನನ್ನ ಮುಖವನ್ನಲ್ಲ, ಕಾಲನ್ನು. ನಾನು ಸೀರೆಯ ನೆರಿಗೆ ಸ್ವಲ್ಪ ಎತ್ತಿ ತೋರಿಸಿದೆ. ಊತವಿರಲಿಲ್ಲ.

ಈ ಸಲದ ಬಾಣಂತನ ನಾನೇ ಮಾಡಿದೆ.