ಮಕ್ಕಳಿಗೆ ನಿಜ ಹೇಳುವ ಪುಸ್ತಕಗಳು

1936ರಲ್ಲಿ ಶಿವರಾಮ ಕಾರಂತರ ‘ಬಾಲಪ್ರಪಂಚ’ದ ಮೂರು ಸಂಪುಟಗಳು ಹೊರಬಂದಾಗ ರಾಯಚೂರು ಜಿಲ್ಲೆ ನಿಜಾಮನ ಸೀಮೆಯಲ್ಲಿತ್ತು. ರಾಯಚೂರು, ಮಾನ್ವಿ ಕಡೆಯ ಹುಡುಗರು ಮನೆಯಲ್ಲಿ ಕನ್ನಡ ಆಡುತ್ತಿದ್ದರೂ ಮೇಲಿನ ತರಗತಿಗೆ ಹೋದರೆ ಉರ್ದುವಿನಲ್ಲಿ ಓದಬೇಕಿತ್ತು. ಪುತ್ತೂರಿನ ಲೇಖಕನೊಬ್ಬ ಕನ್ನಡದ ಮಕ್ಕಳಿಗಾಗಿ ಇಡೀ ಲೋಕವನ್ನೇ ಪುಸ್ತಕವಾಗಿಸಿದ್ದು ಅವರ ಕಿವಿಗೆ ಬೀಳುವ ದಾರಿಯೂ ಕಡಿಮೆ. ಕಥೆ, ಪದ್ಯಗಳಾಚೆ ನಿಜಸಂಗತಿಯನ್ನೇ ರುಚಿಕಟ್ಟಾಗಿ ಹೇಳುವ ಬರವಣಿಗೆಗೆ ಕನ್ನಡದಲ್ಲಿ ಗಟ್ಟಿ ಬುನಾದಿ ಬಿದ್ದದ್ದು ಮಾತ್ರ ಅಲ್ಲಿಂದಲೇ.

ಲಂಡನ್ನಿನಲ್ಲಿ ಆರ್ಥರ್ ಮೀ 1908ರಲ್ಲೇ ಹದಿನೈದು ದಿನಕ್ಕೊಂದು ಕಂತಿನಂತೆ ಮಕ್ಕಳ ವಿಶ್ವಕೋಶ ಶುರುಮಾಡಿದ್ದ. ಅವನ ಜೊತೆ ಬರಹಗಾರರ ತಂಡವಿತ್ತು. ಕಾರಂತರದು ಹೆಚ್ಚುಕಡಿಮೆ ಒಂಟಿ ದುಡಿಮೆ. ಮುಂದೆ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನೂ ಅವರು ಹಾಗೆಯೇ ಎಳೆದರು. ತಂಡ ಕಟ್ಟಿಕೊಂಡು ಈ ಕೆಲಸ ಮಾಡಿದವರು ನಿರಂಜನ. 1970ರ ದಶಕದಲ್ಲಿ ಅವರ ಸಂಪಾದಕತ್ವದಲ್ಲಿ ಏಳು ಸಂಪುಟಗಳ ‘ಜ್ಞಾನ ಗಂಗೋತ್ರಿ’ ಬಂತು.

ಈ ಹೆಬ್ಬೊತ್ತಗೆಗಳ ಹಿರಿಮೆ ದೊಡ್ಡದು, ತೊಡಕೂ ಇತ್ತು. ಎಲ್ಲವನ್ನೂ ಹೇಳಹೊರಟ ಪುಸ್ತಕ ಯಾವುದರ ಬಳಿಯೂ ಬಹಳ ಹೊತ್ತು ನಿಲ್ಲುವುದಿಲ್ಲ. ಬೆಲೆ, ತೂಕ ಎರಡೂ ಹೆಚ್ಚಾದ್ದರಿಂದ ಬೀರುವಿನೊಳಗೆ ಭದ್ರವಾಗುವ ಅಪಾಯ ಬೇರೆ.

ಜೇಬಿಗೆ ಹಿಡಿಸುವ ಪುಸ್ತಕ ಬಂದದ್ದು ಜೀವನಚರಿತ್ರೆಯ ರೂಪದಲ್ಲಿ. ಎಲ್.ಎಸ್. ಶೇಷಗಿರಿರಾವ್ ಸಂಪಾದಿಸಿದ ರಾಷ್ಟ್ರೋತ್ಥಾನದ ‘ಭಾರತ-ಭಾರತಿ’ ಮಾಲೆಯಲ್ಲಿ 510 ಕಿರುಹೊತ್ತಗೆಗಳಿವೆ. ಕೈಗೆಟುಕಿದ್ದೇ ಅವುಗಳ ಗೆಲುವು. ಮಹಾಪುರುಷನನ್ನು ಎತ್ತರದಲ್ಲಿ ಕೂರಿಸಿ ತೋರಿಸುವ ಮಾದರಿಗೆ ಮಾತ್ರ ಅದರದೇ ಮಿತಿಯಿದೆ. ಎಡವದ ನಾಯಕನ ಹಿಂದೆ ಮಗು ಬಹಳ ದೂರ ನಡೆಯುವುದಿಲ್ಲ. ಮೈಸೂರಿನ ಜೆ.ಆರ್. ಲಕ್ಷ್ಮಣರಾವ್ ಆರ್ಕಿಮಿಡೀಸ್, ಗೆಲಿಲಿಯೋ, ಮೇರಿ ಕ್ಯೂರಿಯರ ಬಗ್ಗೆ ಬರೆದಾಗ ವ್ಯಕ್ತಿಯಷ್ಟೇ ಅವರ ಪ್ರಶ್ನೆಗೂ ಜಾಗ ಕೊಟ್ಟರು. ರಸಾಯನವಿಜ್ಞಾನ ಕಲಿಸುತ್ತಿದ್ದ ಮೇಷ್ಟ್ರು ಅವರು. ಯಾವ ಹಂತದಲ್ಲಿ ವಿದ್ಯಾರ್ಥಿಗೆ ಗೊಂದಲವಾಗುತ್ತದೆ ಎಂಬುದು ಗೊತ್ತಿತ್ತು. 1978ರಲ್ಲಿ ಆರಂಭವಾದ ‘ಬಾಲವಿಜ್ಞಾನ’ ಮಾಸಪತ್ರಿಕೆಯ ಸಂಪಾದಕರಾಗಿಯೂ ಅವರು ದುಡಿದರು. ಆಮೇಲೆ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಆಸರೆಯಲ್ಲಿ ಬೆಳೆದ ಆ ಪತ್ರಿಕೆ ಹಳ್ಳಿಯ ಶಾಲೆಗಳವರೆಗೂ ಹೋಯಿತು.

ದನಿ ಪೂರ್ತಿ ಬದಲಾದದ್ದು ಪೂರ್ಣಚಂದ್ರ ತೇಜಸ್ವಿಯವರಿಂದ. 1991ರ ‘ಪರಿಸರದ ಕತೆ’ಯನ್ನು ಅವರು ಮಕ್ಕಳಿಗೆಂದೇ ಬರೆದದ್ದಲ್ಲ, ಆದರೂ ಮಕ್ಕಳು ಅದನ್ನು ತಮ್ಮದು ಮಾಡಿಕೊಂಡರು. ಅಲ್ಲಿ ಹಕ್ಕಿಯ ಜೊತೆ ಮಾಸ್ತಿ, ಬೈರರೂ ಬರುತ್ತಾರೆ, ನಾಯಿ ಕಿವಿಯೂ ಬರುತ್ತದೆ. ಹೇಳುವವನೇ ಪೇಚಿಗೆ ಸಿಕ್ಕಿ ನಗುತ್ತಾನೆ. ಹದಿನಾರು ಪುಸ್ತಕಗಳ ಮಿಲೇನಿಯಂ ಸರಣಿಯಲ್ಲಿ ಅವರು ಮತ್ತೆ ಪೆಸಿಫಿಕ್ ದ್ವೀಪ, ಮಹಾಯುದ್ಧಗಳ ಕಡೆ ಹೊರಟರೂ ಆ ಹರಟೆಯ ದನಿ ಬಿಡಲಿಲ್ಲ. ನಿಜ ಹೇಳುವ ಬರವಣಿಗೆಗೆ ಮನ್ನಣೆಯೂ ಸಿಕ್ಕಿತು: 2010ರಲ್ಲಿ ಕನ್ನಡಕ್ಕೆ ಬಂದ ಕೇಂದ್ರ ಸಾಹಿತ್ಯ ಅಕಾಡೆಮಿಯ ಮೊದಲ ಬಾಲಸಾಹಿತ್ಯ ಪುರಸ್ಕಾರ ಗಾಂಧಿಯ ಬದುಕನ್ನು ಮಕ್ಕಳಿಗೆ ಹೇಳಿದ ಬೊಳುವಾರು ಮಹಮದ್ ಕುಂಞಿಯವರ ಪುಸ್ತಕಕ್ಕೆ ಸಂದಿತು.

ಇನ್ನೂ ಎಳೆಯದಾಗಿ ಉಳಿದಿರುವುದು ಒಂದೇ ವಸ್ತುವಿನ ಬೆನ್ನು ಹತ್ತುವ ಪುಸ್ತಕ. ಮೈಕೆಲ್ ಫ್ಯಾರಡೆ 1860ರ ಕ್ರಿಸ್‌ಮಸ್ ರಜೆಯಲ್ಲಿ ಒಂದು ಮೇಣದಬತ್ತಿ ಹಿಡಿದುಕೊಂಡು ಮಕ್ಕಳಿಗೆ ಆರು ಉಪನ್ಯಾಸ ಕೊಟ್ಟು, ರಸಾಯನಶಾಸ್ತ್ರದ ಬಾಗಿಲು ತೆರೆದಿದ್ದ. ಅಂಥ ಸರಕಿಗೆ ರಾಯಚೂರು ಜಿಲ್ಲೆಯಲ್ಲಿ ಬರವಿಲ್ಲ. ಮಸ್ಕಿಯ ಬಂಡೆಯನ್ನೇ ತೆಗೆದುಕೊಳ್ಳಿ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದಾಗ ಸಿಕ್ಕಿದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು. ಆ ರಾಜ ಅಶೋಕನೇ ಇರಬೇಕೆಂದು ಸಿಂಹಳದ ಗ್ರಂಥಗಳ ಬಲದಿಂದ ವಿದ್ವಾಂಸರು ಊಹಿಸಿದ್ದರು. 1915ರಲ್ಲಿ ಚಿನ್ನದ ಜಾಡು ಹುಡುಕುತ್ತಿದ್ದ ಗಣಿ ಎಂಜಿನಿಯರ್ ಬೀಡನ್ ಮಸ್ಕಿಯ ಶಾಸನ ಕಂಡ. ಅಶೋಕನ ಹೆಸರು ಅದರಲ್ಲಿ ನೇರವಾಗಿ ಕೆತ್ತಿತ್ತು. ಕಳೆದುಹೋದ ಹೆಸರು, ತಪ್ಪಬಹುದಾಗಿದ್ದ ಊಹೆ, ಬೇರೇನನ್ನೋ ಹುಡುಕಿ ಬಂದವನು: ಪತ್ತೇದಾರಿಗೆ ಬೇಕಾದದ್ದೆಲ್ಲ ಇದೆ. ಆದರೆ ಪಠ್ಯದಲ್ಲಿ ಇದು ಒಂದಂಕದ ಪ್ರಶ್ನೆಗೆ ಒಂದು ಸಾಲಿನ ಉತ್ತರ. ಹಟ್ಟಿಯ ಚಿನ್ನದ ಹಳೆಯ ಕುಳಿಗಳಿವೆ, ಪುರಾತತ್ವಜ್ಞ ಆಲ್ಚಿನ್ ಅಗೆದ ಪಿಕ್ಲಿಹಾಳವಿದೆ. ನವಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿಯಿಂದ ಎದ್ದ ಬೂದಿದಿಬ್ಬಗಳು ಈ ಸೀಮೆಯ ಸುತ್ತ ಇವೆ. ದೊಡ್ಡ ವಿದ್ವಾಂಸರು ಸಗಣಿಯ ಬಗ್ಗೆ ದಶಕಗಟ್ಟಲೆ ವಾದಿಸಿದರೆಂದರೆ ಯಾವ ಮಗು ಕಿವಿಗೊಡುವುದಿಲ್ಲ?

ತಲುಪಿಸುವ ದಾರಿಗಳು ಈಚೆಗೆ ಹೆಚ್ಚಿವೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಪುಸ್ತಕಗಳನ್ನು ಯಾರು ಬೇಕಾದರೂ ಉಚಿತವಾಗಿ ಓದಬಹುದು, ಅಚ್ಚು ಹಾಕಿಕೊಳ್ಳಬಹುದು. 2020ರಲ್ಲಿ ಶುರುವಾದ ರಾಜ್ಯ ಸರ್ಕಾರದ ‘ಓದುವ ಬೆಳಕು’ ಕಾರ್ಯಕ್ರಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಕಪಾಟು ಸಿಕ್ಕಿತು; ಅದರೊಳಗೆ ಏನಿಡಬೇಕೆಂಬುದು ಪ್ರಕಾಶಕರ ಲೆಕ್ಕಾಚಾರಕ್ಕೆ ಬಿಟ್ಟದ್ದು. ಬಣ್ಣದ ಅಚ್ಚು ದುಬಾರಿ, ಚಿತ್ರಕಾರರಿಗೆ ಸಿಗುವ ಸಂಭಾವನೆ ಕಡಿಮೆ, ದೊಡ್ಡ ಮಟ್ಟದ ಖರೀದಿ ಸರ್ಕಾರದ್ದೇ. ಇಡೀ ರಾಜ್ಯಕ್ಕೆ ಹೊಂದುವ ಗಾಂಧಿ, ಗ್ರಹಗಳ ಪುಸ್ತಕ ಮೊದಲು ಅಚ್ಚಾಗುತ್ತದೆ, ಮಸ್ಕಿಯ ಬಂಡೆಯ ಸರದಿ ಆಮೇಲೆ.